ಉಗುರು ತೆಗೆಯುವವಳ ಶುದ್ಧಿ

ಚಿರಿಮಾಯಾ ಯಾರ ಮುಖವನ್ನೂ ಮೊದಲು ನೋಡುವವಳಲ್ಲ. ನೇಪಾಳದ ಪಾಟನ್ನಿನ ಓಣಿಗಳಲ್ಲಿ ಎದುರಾದವರನ್ನು ಕಾಲಿನ ಹೆಬ್ಬೆರಳಿನಿಂದ ಗುರುತು ಹಿಡಿದು, ಆಮೇಲೆ ತಲೆಯೆತ್ತಿ ಮಾತಾಡಿಸುತ್ತಿದ್ದಳು. ಅವಳು ಕ್ಷೌರಿಕರ ಮನೆಯ ಹೆಂಗಸು, ನೌನಿ. ಗಂಡ ಬುದ್ಧಿಲಾಲ್ ಗಂಡಸರ ತಲೆ ನೋಡಿಕೊಂಡರೆ ಇವಳದು ಹೆಂಗಸರ, ಮಕ್ಕಳ ಕಾಲು. ಕೂಸಿಗೆ ಮೊದಲ ಅನ್ನ ಉಣ್ಣಿಸುವ ದಿನ, ಪುಟ್ಟ ಹೆಣ್ಣುಮಕ್ಕಳಿಗೆ ಬಿಲ್ವದ ಕಾಯಿಯೊಂದಿಗೆ ಮದುವೆ ಮಾಡುವ ದಿನ, ಬೆಳೆದ ಹುಡುಗಿಯನ್ನು ಕತ್ತಲೆ ಕೋಣೆಯಿಂದ ಹೊರಗೆ ತಂದು ಸೂರ್ಯನನ್ನು ತೋರಿಸುವ ದಿನ, ಮನುಷ್ಯನೊಂದಿಗಿನ ಮದುವೆಯ ದಿನ, ಮುದುಕರನ್ನು ರಥದಲ್ಲಿ ಕೂರಿಸಿ ಎಳೆಯುವ ದಿನ, ಕೊನೆಗೆ ಸತ್ತವರ ಮನೆಯ ಸೂತಕ ಕಳೆಯುವ ದಿನ, ಇಷ್ಟಕ್ಕೂ ಮೊದಲು ಅವಳು ಬರಬೇಕು. ಬೆರಳುದ್ದದ, ತುದಿ ಚಪ್ಪಟೆಯಾದ ಅವಳ ಉಳಿ ಕಾಲುಗುರು ತೆಗೆದ ಮೇಲೆಯೇ ಪುರೋಹಿತರು ದೀಪ ಹಚ್ಚುವುದು. ಶಾಕ್ಯರ ಮನೆಯಲ್ಲಿ ಬುದ್ಧನ ಮುಂದೆ, ಜೋಶಿಯವರ ಮನೆಯಲ್ಲಿ ನಾರಾಯಣನ ಮುಂದೆ. ಚಿರಿಮಾಯಾಗೆ ಎರಡು ಮನೆಯ ಪಾದವೂ ಒಂದೇ.

ಈ ಎಲ್ಲ ಸಂಸ್ಕಾರಗಳು ಯಾಕೆ ಎಂದು ಅವಳು ಒಮ್ಮೆ ಜೋಶಿಯವರನ್ನು ಕೇಳಿದ್ದಳು. ಅವರು ಅವಳ ಎದುರಿಗಿದ್ದ ಹಿತ್ತಾಳೆಯ ಗಿಂಡಿಯನ್ನು ತೋರಿಸಿ, "ಇದನ್ನ ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ದೇವರ ಮುಂದೆ ಇಡ್ತೀವಲ್ಲ, ಹಾಗೇ ಮನುಷ್ಯನ್ನೂ ಉಜ್ಜೋದು. ಹುಟ್ಟೋಕೂ ಮುಂಚೆ ಶುರು, ಸುಟ್ಟ ಮೇಲೂ ಮುಗಿಯಲ್ಲ," ಎಂದಿದ್ದರು. ಅದೇ ಪ್ರಶ್ನೆಯನ್ನು ಅವಳು ತನ್ನ ಮನೆಯ ಪುರೋಹಿತರಾದ ಆಶಾರತ್ನ ಗುಭಾಜುಗಳಿಗೂ ಕೇಳಿದಳು. ಅವರು ಬುದ್ಧನ ಪೂಜೆ ಮಾಡುವವರು. ಮಂತ್ರ ಹೇಳಿ ಹೇಳಿ ಅವರ ಗಂಟಲು ಗೊಗ್ಗರಾಗಿತ್ತು. "ಹೊರಗೆ ಮಾಡೋದು ಒಂದಿಷ್ಟು ಸಂಸ್ಕಾರ ಕಣಮ್ಮ. ಒಳಗೆ ಮನಸ್ಸು ದಿನಾ ನೂರು ಕಟ್ಕೊಳ್ತಾ ಕೂತಿರುತ್ತೆ. ಒಂದು ಸಲ ಸಿಟ್ಟು ಬಂತು ಅನ್ನು, ಅದು ಹೋಗುವಾಗ ಇನ್ನೊಂದು ಸಿಟ್ಟಿಗೆ ಜಾಗ ಮಾಡಿಟ್ಟು ಹೋಗುತ್ತೆ. ಅದನ್ನೂ ಸಂಸ್ಕಾರ ಅಂತಲೇ ಕರೀತೀವಿ ನಾವು," ಎಂದರು.

"ಅದನ್ನ ತೆಗೆಯೋಕೆ ಉಳಿ ಇಲ್ವಾ?" ಎಂದು ಚಿರಿಮಾಯಾ ನಕ್ಕಿದ್ದಳು.

"ಇದೆ. ಹಿಡ್ಕೊಳ್ಳೋರು ಕಮ್ಮಿ," ಎಂದು ಅವರೂ ನಕ್ಕಿದ್ದರು.

ಎರಡು ಮಾತನ್ನೂ ಅವಳು ನೆನಪಿಟ್ಟುಕೊಂಡಳು, ಎರಡಕ್ಕೂ ಕೈಮುಗಿದಳು, ಮತ್ತೆ ಕೆಲಸಕ್ಕೆ ಹೋದಳು. ಅವಳಿಗೆ ಕೆಲಸ ಕಲಿಸಿದವಳು ಅತ್ತೆ ಧನಲಕ್ಷ್ಮಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ತನ್ನದೇ ಕಾಲು ಚಾಚಿ, "ಇದರ ಮೇಲೆ ಕಲಿ. ನೋವಾದ್ರೆ ಬೈತೀನಿ, ಊರವರಾದ್ರೆ ಮನೆಗೇ ಸೇರಿಸಲ್ಲ," ಎಂದಿದ್ದಳು. ಬೈದದ್ದೂ ಉಂಟು. ಆ ಅತ್ತೆ ಈ ಮಾಘದ ಚಳಿಯಲ್ಲಿ ತೀರಿಕೊಂಡಳು. ಮುಪ್ಪಿನ ಸಾವು. ಅಳಬೇಕಾದಷ್ಟು ಅತ್ತದ್ದಾಯಿತು. ಆದರೆ ಸೂತಕ ಕಳೆಯುವ ಹತ್ತನೆಯ ದಿನ ಹತ್ತಿರ ಬರುತ್ತಿದ್ದಂತೆ ಚಿರಿಮಾಯಾಗೆ ನಿದ್ದೆ ಬಾರದಾಯಿತು, ಊಟ ಸೇರದಾಯಿತು.

ಊರಿನ ಕಾಲುಗಳನ್ನೆಲ್ಲ ಶುದ್ಧ ಮಾಡುವವಳ ಕಾಲನ್ನು ಶುದ್ಧ ಮಾಡುವವರು ಯಾರು? ಪಾಟನ್ನಿನಲ್ಲಿರುವ ಕ್ಷೌರಿಕರ ಮನೆಗಳೆಲ್ಲ ಬುದ್ಧಿಲಾಲನ ದಾಯಾದಿಗಳವು. ಒಂದು ಮನೆಗೆ ಸೂತಕ ಬಂದರೆ ಎಲ್ಲರಿಗೂ ಬಂದಂತೆ. ಮೈಲಿಗೆಯ ಕೈ ಮೈಲಿಗೆಯ ಕಾಲನ್ನು ಕಳೆಯಲಾರದು. ಹೊರಗಿನ ನೌನಿಯೇ ಬರಬೇಕು. ಹಾಗೆ ಬರುವ ಹಕ್ಕು ಹತ್ತಿರದ ಊರು ಥಿಮಿಯ ಒಂದು ಮನೆಗೆ ಅಜ್ಜಂದಿರ ಕಾಲದಿಂದ ಇತ್ತು. ಅಲ್ಲಿ ಸೂತಕವಾದರೆ ಇಲ್ಲಿಂದ ಹೋಗಬೇಕು, ಇಲ್ಲಿ ಆದರೆ ಅಲ್ಲಿಂದ ಬರಬೇಕು. ಥಿಮಿಯ ಆ ಮನೆಗೆ ಮದುವೆಯಾಗಿ ಹೋದವಳು ಚಿರಿಮಾಯಾಳ ಸ್ವಂತ ಅಕ್ಕ ಠಕುಮತಿ. ಅಕ್ಕತಂಗಿಯರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಮಾತು ನಿಂತದ್ದು ಹೀಗೆ. ಠಕುಮತಿಯ ಮೊಮ್ಮಗಳಿಗೆ ಬಿಲ್ವದ ಮದುವೆ. ಅಕ್ಕ ತಾನೇ ಬಂದು ಕರೆದು, "ನೀನೇ ಬಾ, ಬೇರೆ ಯಾರನ್ನೂ ಕಳಿಸ್ಬೇಡ," ಎಂದು ಕೈ ಹಿಡಿದು ಹೇಳಿ ಹೋಗಿದ್ದಳು. ಅದೇ ದಿನ ಶಾಕ್ಯರ ಮನೆಯಲ್ಲಿ ಹಿರಿಯಜ್ಜನನ್ನು ರಥಕ್ಕೇರಿಸುವ ಸಮಾರಂಭ ಬಂತು. ಚಿರಿಮಾಯಾ ಶಾಕ್ಯರ ಮನೆಗೆ ಹೋದಳು. ಥಿಮಿಗೆ ಸೊಸೆ ನಾನಿಶೋಭಾಳನ್ನು ಕಳಿಸಿದಳು. ಸೊಸೆ ಆಗಿನ್ನೂ ಕಲಿಯುತ್ತಿದ್ದವಳು. ಮಗು ಕಾಲು ಎಳೆದುಕೊಂಡಿತು, ಉಳಿ ಜಾರಿತು, ಪೂಜೆಗೆ ಬರೆದ ಅಕ್ಕಿಹಿಟ್ಟಿನ ಮಂಡಲದ ಮೇಲೆ ಒಂದು ಹನಿ ರಕ್ತ ಬಿತ್ತು. ಮರುದಿನ ಠಕುಮತಿ ಪಾಟನ್ನಿಗೆ ಬಂದು ಅಂಗಳದಲ್ಲಿ ನಿಂತು, "ಊರಿನ ಕಾಲಿಗೆಲ್ಲ ನೀನು, ನನ್ನ ಮೊಮ್ಮಗಳ ಕಾಲಿಗೆ ಮಾತ್ರ ಕೈ ನಡುಗೋಳು!" ಎಂದು ಕೂಗಿದಳು. ಚಿರಿಮಾಯಾ ಕಿಟಕಿಯಿಂದ ಏನೋ ಕೂಗಿದಳು. ಅಲ್ಲಿಗೆ ಮುಗಿಯಿತು.

ಅತ್ತೆ ಸತ್ತಾಗ ಠಕುಮತಿ ಮುಖ ತೋರಿಸಲಿಲ್ಲ. ಮಗ ಮಚಾಕಾಜಿಯ ಕೈಯಲ್ಲಿ ಸೂತಕದ ಮನೆಗೆ ಕೊಡುವ ಅವಲಕ್ಕಿ ಕಳಿಸಿದಳು. ಅಂದಿನಿಂದ ಚಿರಿಮಾಯಾಗೆ ಒಳಗೊಳಗೇ ಅಕ್ಕನೊಂದಿಗೆ ಜಗಳ ಶುರುವಾಯಿತು. ಉಪ್ಪಿಲ್ಲದ ಅನ್ನ ಉಣ್ಣುತ್ತ ಒಂದು ಉತ್ತರ ಕಟ್ಟುವಳು. ಪಾತ್ರೆ ತೊಳೆಯುತ್ತ ಅದನ್ನು ಇನ್ನಷ್ಟು ಚೂಪು ಮಾಡುವಳು. ಮಲಗಿದಾಗ ಅಕ್ಕನ ಬಾಯಲ್ಲಿ ಒಂದು ಚುಚ್ಚುಮಾತು ಇಟ್ಟು, ತಾನೇ ಅದಕ್ಕೆ ತಿರುಗೇಟು ಕೊಡುವಳು. ಕೆಲಸವಿಲ್ಲದ ಕೈಗಳು ಸುಮ್ಮನಿರದೆ ಚಾಪೆಯ ಹುಲ್ಲು ಕೀಳುತ್ತಿದ್ದವು.

"ಅಮ್ಮ, ಚಾಪೆ ಮುಗೀತಾ ಬಂತು," ಎಂದಳು ನಾನಿಶೋಭಾ.

"ಮುಗೀಲಿ. ನೀನು ಸುಮ್ನಿರು," ಎಂದಳು ಚಿರಿಮಾಯಾ.

ಶುದ್ಧಿಯ ದಿನ ಬೆಳಿಗ್ಗೆ ದಾಯಾದಿ ಮನೆಗಳ ಗಂಡಸರು, ಹೆಂಗಸರು ಎಲ್ಲ ಶಂಖಮೂಲದ ಸ್ನಾನಘಟ್ಟಕ್ಕೆ ಇಳಿದರು. ಬಾಗ್ಮತಿ ನದಿಯಲ್ಲಿ ನೀರು ಸಣಕಲಾಗಿತ್ತು, ಮೇಲೆ ಮಂಜು ಕೂತಿತ್ತು. ಮೇಲ್ಗಡೆಯ ಮೆಟ್ಟಿಲಲ್ಲಿ ಮಚಾಕಾಜಿ ಗಂಡಸರ ತಲೆ ಬೋಳಿಸತೊಡಗಿದ. ಕೆಳಗೆ ಹೆಂಗಸರು ತಲೆಗೂದಲು ಬಿಚ್ಚಿ, ಸಾಸಿವೆ ಹಿಂಡಿಯ ಬಟ್ಟಲು ಮುಂದಿಟ್ಟುಕೊಂಡು ಕೂತರು. ಉಗುರು ತೆಗೆಯದೆ ಹಿಂಡಿ ಹಚ್ಚಿ ಮೀಯುವಂತಿಲ್ಲ. ಇವರು ಮಿಂದು ಬರದೆ ಮನೆಯಲ್ಲಿ ಗುಭಾಜುಗಳು ಹೋಮ ಹಚ್ಚುವಂತಿಲ್ಲ. ಸೂರ್ಯ ಮುಳುಗಿದರೆ ಆ ದಿನವೇ ಹೋಯಿತು. ಮರುದಿನ ಶಾಕ್ಯರ ಮನೆಯಲ್ಲಿ ಮಗುವಿಗೆ ಅನ್ನ ಉಣ್ಣಿಸುವುದಿತ್ತು. ಚಿರಿಮಾಯಾ ಶುದ್ಧವಾಗದಿದ್ದರೆ ಆ ಮಗುವಿನ ಕಾಲನ್ನು ಮುಟ್ಟುವಂತಿಲ್ಲ. ಮೈಲಿಗೆ ಉಳಿದುಹೋದ ನೌನಿ ಎಂದು ಒಮ್ಮೆ ಹೆಸರು ಬಂದರೆ ಯಾವ ಮನೆಯ ಹೊಸ್ತಿಲೂ ಅವಳನ್ನು ಕರೆಯುವುದಿಲ್ಲ.

"ನಿಮ್ಮಮ್ಮ ಎಲ್ಲೋ?" ಎಂದು ಅವಳು ಮಚಾಕಾಜಿಯನ್ನು ಕೇಳಿದಳು.

ಅವನು ಕತ್ತಿ ಮಸೆಯುತ್ತ, ಮುಖ ಎತ್ತದೆ, "ಬರ್ತಾಳೆ ಚಿಕ್ಕಮ್ಮ. ಬಿಸಿಲು ಏರಲಿ ಅಂದ್ಲು," ಎಂದ.

"ಬಿಸಿಲು ಏರಲಿ? ಅವಳೇನು ಇಲ್ಲಿ ಮೆಣಸಿನಕಾಯಿ ಒಣಗಿಸೋಕೆ ಬರ್ತಿದಾಳಾ?"

ಅವನು ಬುದ್ಧಿಲಾಲನ ತಲೆಗೆ ನೀರು ಚಿಮುಕಿಸಿದ. ಬುದ್ಧಿಲಾಲ್ ಕಣ್ಣು ಮುಚ್ಚಿಕೊಂಡೇ, "ನನ್ನ ತಲೆ ಅವನ ಕೈಲಿದೆ ಕಣೇ, ಅವನಿಗೆ ಸಿಟ್ಟು ಬರಿಸ್ಬೇಡ," ಎಂದ.

ಮಂಜು ಕರಗಿತು. ಹೆಂಗಸರ ನೆರಳು ಮೆಟ್ಟಿಲ ಮೇಲೆ ಚಿಕ್ಕದಾಗುತ್ತ ಬಂತು. ಚಿರಿಮಾಯಾ ಮೇಲೆ ಹತ್ತಿ ದಾರಿ ನೋಡುವಳು, ಕೆಳಗಿಳಿದು ಕೂರುವಳು, ಮತ್ತೆ ಏಳುವಳು. ಅವಳ ವಾರಗಿತ್ತಿ ಪೂರ್ಣದೇವಿ ದಪ್ಪ ಮೈಯ, ದೊಡ್ಡ ಬಾಯಿಯ ಹೆಂಗಸು. ಚಳಿಗೆ ಶಾಲು ಹೊದ್ದು ಕೂತಿದ್ದವಳು, "ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನಂಗೆ ತಲೆ ಸುತ್ತು ಬರ್ತಿದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಹೇಳ್ತೀನಿ. ನಾವೇ ಒಬ್ರಿಗೊಬ್ರು ಉಳಿ ಮುಟ್ಟಿಸ್ಕೊಂಡು ಎದ್ದುಬಿಡೋಣ. ಯಾರು ಬಂದು ಬೆರಳು ಎಣಿಸ್ತಾರೆ?" ಎಂದಳು.

"ಅತ್ತೆ ಇದ್ದಿದ್ರೆ ಈ ಮಾತಿಗೆ ನಿನ್ನ ಹೊಳೆಗೆ ನೂಕ್ತಿದ್ಲು."

"ಅತ್ತೆ ಇದ್ದಿದ್ರೆ ನಾವು ಹೊಳೆಗೆ ಯಾಕೆ ಬರ್ತಿದ್ವಿ?" ಎಂದಳು ಪೂರ್ಣದೇವಿ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಚಿರಿಮಾಯಾಗೆ ನಗು ಬರಲಿಲ್ಲ. ಪೂರ್ಣದೇವಿಯ ಮಾತು ಅವಳನ್ನು ಎಳೆದದ್ದು ಮಾತ್ರ ನಿಜ. ತನ್ನ ಸೀರೆಯ ಮಡಿಲಲ್ಲೇ ಉಳಿ ಇತ್ತು. ಒಂದು ಸಲ ಬೆರಳಿಗೆ ಮುಟ್ಟಿಸಿದರೆ ಸಾಕು, ಅಕ್ಕನ ಹಂಗೇ ಬೇಡ. ಆದರೆ ನಾಳೆ ಆ ಎಳೆಯ ಪಾದವನ್ನು ಕೈಗೆ ತೆಗೆದುಕೊಂಡಾಗ ತನ್ನ ಕೈಗೆ ಗೊತ್ತಿರುತ್ತದಲ್ಲ! ಅವಳು ಉಳಿಯನ್ನು ಮಡಿಲಿನಿಂದ ತೆಗೆದು ಸೊಸೆಯ ಚೀಲಕ್ಕೆ ಹಾಕಿಬಿಟ್ಟಳು.

ತಡವಾದದ್ದು ನೋಡಿ ಆಶಾರತ್ನ ಗುಭಾಜುಗಳೇ ಕೋಲೂರಿಕೊಂಡು ಸ್ನಾನಘಟ್ಟಕ್ಕೆ ಬಂದರು. ಸೂತಕದವರಿಂದ ದೂರವಾಗಿ ಮೇಲಿನ ಕಟ್ಟೆಯಲ್ಲಿ ನಿಂತು, "ಏನಮ್ಮ, ಸೌದೆ ಎಲ್ಲ ಜೋಡಿಸಿ ಕೂತಿದೀನಿ, ನೀವು ಇನ್ನೂ ಒಣಗಿದ ತಲೇಲೇ ಇದೀರಲ್ಲ?" ಎಂದರು.

ಚಿರಿಮಾಯಾಳ ತಾಳ್ಮೆಯ ಕಟ್ಟೆ ಒಡೆಯಿತು. "ಅವಳು ಬೇಕಂತಲೇ ಮಾಡ್ತಿದಾಳೆ ಗುಭಾಜು. ನನ್ನ ಕಾಯಿಸ್ಬೇಕು, ಹೊತ್ತು ಇಳಿಯೋ ತನಕ ಕಾಯಿಸಿ, ಎಲ್ಲರ ಮುಂದೆ ಬೇಡಿಸ್ಬೇಕು, ಅದೇ ಅವಳಿಗೆ ಬೇಕಾಗಿರೋದು."

"ಹಾಗಂತ ಹೇಳಿ ಕಳಿಸಿದ್ಲಾ?"

"ಹೇಳ್ಬೇಕಾ? ಒಂದೇ ಹೊಟ್ಟೇಲಿ ಹುಟ್ಟಿದೀವಿ. ಅವಳು ಏನಂತಾಳೆ, ಹೇಗೆ ನಿಂತ್ಕೊಂಡು ಅಂತಾಳೆ, ಎಲ್ಲ ನಂಗೆ ಗೊತ್ತು."

ಗುಭಾಜುಗಳು ನದಿಯ ಕಡೆ ನೋಡಿದರು. "ಥಿಮಿಯಲ್ಲಿ ಒಬ್ಬಳು ಠಕುಮತಿ ಇದಾಳೆ. ನಿನ್ನೊಳಗೆ ನೀನು ಒಬ್ಬಳನ್ನ ಮಾಡಿ ಕೂರಿಸಿದೀಯ. ಇವತ್ತು ಯಾರು ಬರ್ತಾರೋ ನೋಡೋಣ," ಎಂದು, ಸೌದೆ ಕಾಯಲು ಹೋಗುತ್ತೇನೆಂದು ತಿರುಗಿ ನಡೆದರು.

ಆ ಮಾತು ಅವಳಿಗೆ ಹಿಡಿಸಲಿಲ್ಲ. ದೊಡ್ಡವರು ದೊಡ್ಡ ಮಾತು ಹೇಳಿ ಹೋಗುತ್ತಾರೆ, ಕಾಯುವವರು ನಾವು ಎಂದು ಗೊಣಗಿಕೊಂಡಳು. ಗೊಣಗುತ್ತಿರುವಾಗಲೇ ಇನ್ನೊಂದು ಉತ್ತರ ತಾನಾಗಿ ಕಟ್ಟಿಕೊಂಡಿತು, ಅಕ್ಕನಿಗೆ ಹೇಳಲಿಕ್ಕೆ. ಅದನ್ನು ಗಮನಿಸಿ ಅವಳಿಗೇ ಬೇಸರವಾಯಿತು. ಬೇಡವೆಂದರೂ ಬರುತ್ತದಲ್ಲ ಇದು!

ಸೂರ್ಯ ನೆತ್ತಿಗೆ ಬಂದಾಗ ಮಚಾಕಾಜಿ ಕತ್ತಿ ತೊಳೆದಿಟ್ಟು, ಯಾರಿಗೂ ಹೇಳದೆ ರಸ್ತೆಯ ಕಡೆ ಹೋದ. ಹಿಂತಿರುಗುವಾಗ ಅವನ ಹಿಂದೆ ಠಕುಮತಿ ಇದ್ದಳು. ಕಪ್ಪು ಸೀರೆ, ಕೆಂಪು ಅಂಚು, ಹೆಗಲಲ್ಲಿ ಚೀಲ. ಮೊದಲಿನ ಹಾಗೇ ನೆಟ್ಟಗೆ ನಡೆಯುತ್ತಿದ್ದಳು, ನಿಧಾನವಾಗಿ, ಮಗನ ಚಪ್ಪಲಿಯ ಸದ್ದಿನ ಹಿಂದೆಯೇ. ರಾಣಿಯ ಹಾಗೆ ಬರ್ತಾಳೆ ನೋಡು ಎಂದುಕೊಂಡಳು ಚಿರಿಮಾಯಾ. ಏಳಬೇಕೋ ಕೂತಿರಬೇಕೋ ತಿಳಿಯದೆ ಅರ್ಧ ಎದ್ದಳು.

ಠಕುಮತಿ ಮೆಟ್ಟಿಲಿಳಿದು ಅವಳನ್ನು ದಾಟಿ ಹೋದಳು. ನೇರ ಪೂರ್ಣದೇವಿಯ ಮುಂದೆ ನಿಂತು, "ಏನೇ ಚಿರಿ, ಅತ್ತೆ ಹೋದ ದುಃಖಕ್ಕೆ ಇಷ್ಟು ಊದಿಕೊಂಡ್ಯಾ?" ಎಂದಳು.

ಯಾರೋ ಕಿಸಕ್ಕೆಂದರು. ಚಿರಿಮಾಯಾಳ ಕಿವಿ ಬಿಸಿಯಾಯಿತು. ಎದುರಿಗೇ ನಿಂತವಳನ್ನು ಬಿಟ್ಟು ವಾರಗಿತ್ತಿಯನ್ನು ತನ್ನ ಹೆಸರಿನಿಂದ ಕರೆಯುವುದೆಂದರೆ, ಇಂಥ ಅವಮಾನವನ್ನು ತಾನು ರಾತ್ರಿಯೆಲ್ಲ ಕೂತು ಕಲ್ಪಿಸಿದರೂ ಹೊಳೆಯುತ್ತಿರಲಿಲ್ಲ. ಬಾಯಿ ತೆರೆದಳು. ಆದರೆ ಅವಳ ಕಣ್ಣು ಅಭ್ಯಾಸದಂತೆ ಅಕ್ಕನ ಪಾದಕ್ಕೆ ಹೋಗಿತ್ತು. ಆ ಪಾದದ ಬೆರಳು ಮುಂದೆ ಚಾಚಿ, ಮೆಟ್ಟಿಲ ಅಂಚು ಎಲ್ಲಿದೆಯೆಂದು ತಡಕಾಡುತ್ತಿತ್ತು. ಕಾಲುಗುರುಗಳು ಉದ್ದ ಬೆಳೆದು, ಒಂದು ಮುರಿದು, ಕಪ್ಪುಗಟ್ಟಿದ್ದವು. ಹಾಗೆ ಕಾಲಿಟ್ಟುಕೊಳ್ಳುವವಳಲ್ಲ ಠಕುಮತಿ. ಚಿರಿಮಾಯಾ ತಲೆಯೆತ್ತಿ ಅಕ್ಕನ ಮುಖ ನೋಡಿದಳು. ಎರಡು ಕಣ್ಣಿನ ಮೇಲೂ ಮೊಸರಿನ ಕೆನೆಯಂಥ ಪೊರೆ ಕೂತಿತ್ತು.

"ನಾನು ಇಲ್ಲಿದೀನಿ ಅಕ್ಕ," ಎಂದಳು.

ಠಕುಮತಿ ಸದ್ದು ಬಂದ ಕಡೆ ತಿರುಗಿದಳು. ಮಚಾಕಾಜಿ ನೆಲ ನೋಡುತ್ತ ನಿಂತಿದ್ದ. ಪೂರ್ಣದೇವಿ ಮೆಲ್ಲಗೆ ಎದ್ದು ತನ್ನ ಜಾಗ ಬಿಟ್ಟುಕೊಟ್ಟಳು.

"ಯಾವಾಗಿಂದ?" ಎಂದಳು ಚಿರಿಮಾಯಾ.

"ಏನು ಯಾವಾಗಿಂದ? ಬಿಸಿಲಿದ್ರೆ ಎಲ್ಲ ಕಾಣುತ್ತೆ ನಂಗೆ," ಎಂದು ಠಕುಮತಿ ಕೂತಳು. ಚೀಲದಿಂದ ಉಳಿ ತೆಗೆದಳು. "ಕಾಲು ಕೊಡು."

"ಯಾವಾಗಿಂದ ಅಂತ ಕೇಳಿದೆ."

"ಮೊಮ್ಮಗಳ ಮದುವೆಗೂ ಮುಂಚಿಂದ," ಎಂದಳು ಠಕುಮತಿ, ತಂಗಿಯ ಪಾದವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ. "ಆವಾಗ ಮಸುಕು ಶುರುವಾಗಿತ್ತು. ಅದಕ್ಕೇ ನಿನ್ನ ಕೈ ಹಿಡಿದು ಹೇಳಿದ್ದು, ನೀನೇ ಬಾ ಅಂತ. ಒಳಗೆ ಕರ್ಕೊಂಡು ಹೋಗಿ ತೋರಿಸೋಣ ಅಂತಿದ್ದೆ. ಬೇರೆ ಯಾರಿಗೆ ಹೇಳಲಿ? ನೀನು ಬರ್ಲಿಲ್ಲ."

ಚಿರಿಮಾಯಾ ಇಷ್ಟು ದಿನ ಕಟ್ಟಿಟ್ಟ ಉತ್ತರಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ.

"ಕಣ್ಣಿನ ಆಸ್ಪತ್ರೆಗೆ ಹೋಗ್ಬಾರ್ದಾ?"

"ಹೋದ್ರೆ ಊರಿಗೆಲ್ಲ ಡಂಗುರ ಆಗುತ್ತೆ. ಕಣ್ಣಿಲ್ಲದ ನೌನಿಗೆ ಯಾರೇ ಕಾಲು ಕೊಡ್ತಾರೆ? ನಿನ್ನ ಅತ್ತೆ ಸತ್ತ ದಿನ ಬಂದಿದ್ರೆ ಮೋಡ ಮುಚ್ಚಿತ್ತು, ನಿಮ್ಮ ಅಂಗಳದಲ್ಲೇ ಎಡವಿ ಬೀಳ್ತಿದ್ದೆ. ಈಗ ಸುಮ್ನೆ ಕೂತ್ಕೋ, ಅಲ್ಲಾಡ್ಬೇಡ."

ಠಕುಮತಿಯ ಎಡಗೈ ಹೆಬ್ಬೆರಳು ಉಗುರಿನ ಅಂಚನ್ನು ಸವರುತ್ತ ಮುಂದೆ ಹೋಯಿತು, ಬಲಗೈಯ ಉಳಿ ಅದರ ಹಿಂದೆ ಬಂತು. ಮುಖ ಮಾತ್ರ ನದಿಯ ಕಡೆಗಿತ್ತು. ಮೊದಲ ಬೆರಳಿನ ಉಗುರು ಬಿಲ್ಲಿನ ಹಾಗೆ ಒಂದೇ ಚೂರಾಗಿ ಬಂತು. ಎರಡನೆಯದರಲ್ಲಿ ಉಳಿ ಸ್ವಲ್ಪ ಆಳಕ್ಕಿಳಿದು ಚಿರಿಮಾಯಾ ತುಟಿ ಕಚ್ಚಿದಳು.

"ನೋವಾಯ್ತಾ?"

"ಇಲ್ಲ."

"ಸುಳ್ಳಿ. ಬೆರಳು ಮುದುರಿದ್ಯಲ್ಲ, ನಂಗೆ ಗೊತ್ತಾಗಲ್ವಾ? ಬೈಕೋ ಬೇಕಾದ್ರೆ. ಬೈಯೋಕೆ ಏನೇನೋ ಕಟ್ಟಿಟ್ಟಿರ್ತೀಯ, ನಿನ್ನ ಬುದ್ಧಿ ನಂಗೊತ್ತು. ಹೇಳು, ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

ಚಿರಿಮಾಯಾ ಹಿಂದೆಮುಂದೆ ನೋಡಿದಳು. ಹೇಳಿಯೇಬಿಟ್ಟಳು. "ಅತ್ತೆ ನಿನ್ನ ಮದುವೇಲಿ ನಿಂಗೆ ಕಾಲಿಗೆ ಕೆಂಪು ಬಳಿದವಳು, ಅವಳ ಮುಖ ನೋಡೋಕೂ ನಿಂಗೆ ಪುರುಸೊತ್ತಿಲ್ವಾ ಅಂತ ಕೇಳ್ಬೇಕು ಅಂತಿದ್ದೆ."

"ಚೆನ್ನಾಗಿದೆ. ನಾನು ಅದಕ್ಕೆ ಏನಂದೆ, ನಿನ್ನ ತಲೇಲಿ?"

"ಸತ್ತೋಳಿಗೆ ಮುಖ ಯಾಕೆ ಅಂದೆ."

"ಥೂ! ಅಷ್ಟು ಕೆಟ್ಟೋಳಾ ನಾನು?" ಎಂದು ಠಕುಮತಿ ಉಳಿ ನಿಲ್ಲಿಸಿದಳು. ಮೆಟ್ಟಿಲಲ್ಲಿ ಕೂತ ಹೆಂಗಸರು ತಡೆಯಲಾರದೆ ನಕ್ಕರು. "ನಾನಾಗಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ. ಇನ್ನೇನಿದೆ? ಇನ್ನೊಂದು ಕಾಲು ಕೊಡು, ಅದರ ಜೊತೆಗೆ ಹೇಳು."

ಚಿರಿಮಾಯಾ ಹೇಳಿದಳು. ಕೆಲವು ಹೇಳುವಾಗ ನಗು ಬಂತು. ಶಾಕ್ಯರ ಮನೆಗೆ ಅಂದು ಯಾಕೆ ಹೋದೆ ಎನ್ನುವುದಕ್ಕೆ ಅವಳು ಕಟ್ಟಿಟ್ಟಿದ್ದ ಕಾರಣ ಬಾಯಲ್ಲಿ ಬಂದಾಗ ತೀರ ತೆಳುವಾಗಿ ಕೇಳಿಸಿತು. ಅರ್ಧಕ್ಕೇ ಬಿಟ್ಟಳು. ಠಕುಮತಿ ಅದನ್ನು ಪೂರ್ತಿ ಮಾಡು ಎನ್ನಲಿಲ್ಲ. ಉಗುರು ಮುಗಿಯಿತು. ಅಕ್ಕ ಅವಳ ಎರಡೂ ಪಾದದ ಮೇಲೆ ನೀರು ಹೊಯ್ದಳು. "ಹೋಗು, ಶುದ್ಧವಾದೆ," ಎಂದಳು, ವಾಡಿಕೆಯ ಹಾಗೆ.

ಚಿರಿಮಾಯಾ ಏಳಲಿಲ್ಲ. ಶುದ್ಧವಾದೆನೆಂದು ಕಾಲು ಹೇಳುತ್ತಿತ್ತು. ಒಳಗೆ ಮಾತ್ರ, ಎದುರಾಳಿ ಇಲ್ಲದೆ ಹೋದ ಮೇಲೂ, ಜಗಳ ತನ್ನ ಪಾಡಿಗೆ ತಾನು ಮಾತು ಹುಡುಕುತ್ತಿತ್ತು. ನಾಳೆಯೂ ಹುಡುಕೀತು. ಅದಕ್ಕೆ ಹಿಂಡಿ ಹಚ್ಚಿ ಮೀಯುವ ಸ್ನಾನಘಟ್ಟ ಯಾವುದೋ ಅವಳಿಗೆ ತಿಳಿಯಲಿಲ್ಲ. ಬುದ್ಧನಿಗೊಂದು, ನಾರಾಯಣನಿಗೊಂದು ಮನಸ್ಸಿನಲ್ಲೇ ನಮಸ್ಕಾರ ಹಾಕಿದಳು.

"ಮುಂದಿನೋರು ಯಾರು?" ಎಂದಳು ಠಕುಮತಿ.

ವಯಸ್ಸಿನ ಪ್ರಕಾರ ಪೂರ್ಣದೇವಿ ಕೂರಬೇಕಿತ್ತು. ಅವಳು ಉಳಿಯನ್ನೂ ಠಕುಮತಿಯ ಕಣ್ಣನ್ನೂ ನೋಡಿ, "ನಂಗೆ ಮಂಡಿ ನೋವು, ಆಮೇಲೆ," ಎಂದು ಹಿಂದೆ ಸರಿದಳು. ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮುಂದೆ ಬರಲಿಲ್ಲ. ಠಕುಮತಿಗೆ ಆ ಮೌನ ಅರ್ಥವಾಯಿತು. ಅವಳ ಮುಖ ಸಣ್ಣದಾಯಿತು. ಉಳಿಯನ್ನು ಸೆರಗಿಗೆ ಒರೆಸುತ್ತ ಕೂತಳು.

ಆಗ ನಾನಿಶೋಭಾ ಎದ್ದು ಬಂದು ಅವಳೆದುರು ಕೂತಳು. ಕಾಲು ಚಾಚಿದಳು.

ಠಕುಮತಿ ಪಾದ ಹಿಡಿದು ಸವರಿ, "ಇದು ಯಾರ ಕಾಲು? ಎಳೇ ಕಾಲು," ಎಂದಳು.

ನಾನಿಶೋಭಾಳೇ, "ನಾನು ದೊಡ್ಡಮ್ಮ. ಮಂಡಲದ ಮೇಲೆ ರಕ್ತ ಬೀಳಿಸಿದೋಳು," ಎಂದಳು.

ಠಕುಮತಿಯ ಹೆಬ್ಬೆರಳು ಉಗುರಿನ ಮೇಲೆ ನಿಂತಿತು. ಉಳಿ ಮೇಲೆದ್ದು, ಗಾಳಿಯಲ್ಲೇ ತಡೆಯಿತು. ಅಕ್ಕನ ಕೈ ಜಾರಿದರೆ ಅದು ಕಣ್ಣಿಂದ ಜಾರಿದ್ದೋ ಸಿಟ್ಟಿಂದ ಜಾರಿದ್ದೋ ಅಕ್ಕನಿಗೂ ತಿಳಿಯಲಾರದು ಎಂದು ಚಿರಿಮಾಯಾಗೆ ಅನ್ನಿಸಿತು. ಸೊಸೆಯನ್ನು ಎಬ್ಬಿಸಿಬಿಡಲೇ? ಎಬ್ಬಿಸಿದರೆ ಈ ಮೆಟ್ಟಿಲಲ್ಲಿ ಇನ್ನು ಯಾರೂ ಅಕ್ಕನಿಗೆ ಕಾಲು ಕೊಡುವುದಿಲ್ಲ. ಅವಳು ಬಾಗಿ ಕೂತು, ಎರಡೂ ಕೈಯಿಂದ ಸೊಸೆಯ ಪಾದವನ್ನು ಗಟ್ಟಿಯಾಗಿ ಹಿಡಿದಳು. ತನ್ನ ಬೆರಳನ್ನು ಅಕ್ಕನ ಬೆರಳಿನ ಪಕ್ಕಕ್ಕೇ ಇಟ್ಟಳು. ಉಳಿ ಜಾರಿದರೆ ಮೊದಲು ತನ್ನ ಬೆರಳಿಗೇ ಬೀಳಬೇಕು, ಹಾಗೆ.

"ಕೈ ತೆಗಿಯೇ, ಬೆಳಕಿಗೆ ಅಡ್ಡ ಬರ್ತಿದೆ," ಎಂದಳು ಠಕುಮತಿ.

ಚಿರಿಮಾಯಾ ತೆಗೆಯಲಿಲ್ಲ. ಠಕುಮತಿ ಇನ್ನೊಂದು ಸಲ ಹೇಳಲೂ ಇಲ್ಲ. ಉಳಿ ಕೆಳಗಿಳಿಯಿತು.